ಇ-ಮೇಲ್ ವಿಳಾಸ: ಯಾರಿಗೆ ಕೊಡಬೇಕು, ಯಾರಿಗೆ ಬೇಡ?



ಮಾಡದಕೆರೆಯಲ್ಲಿ ಸಂಘದ ಸಭೆ ಮುಗಿದ ಮೇಲೆ ಸದಸ್ಯೆಯೊಬ್ಬರು ಮೊಬೈಲ್ ಮುಂದೆ ಹಿಡಿದು, "ನೋಡ್ರಕ್ಕಾ, ದಿನಾ ಇಂಥವೇ ಬರ್ತಾವೆ. ಲಾಟರಿ ಹೊಡೆದೈತಂತೆ, ಸಾಲ ಮಂಜೂರಾಗೈತಂತೆ. ಯಾವ್ದು ನಿಜ, ಯಾವ್ದು ಸುಳ್ಳು ಒಂದೂ ಗೊತ್ತಾಗಲ್ಲ" ಅಂದರು. ಅದೇ ರಾಶಿಯೊಳಗೆ ಸಂಘದ ಸಾಲ ನವೀಕರಣಕ್ಕೆ ಕಾಗದಪತ್ರ ಕೇಳಿ ಬ್ಯಾಂಕಿನವರು ಕಳಿಸಿದ್ದ ನಿಜವಾದ ಮೇಲ್ ಕೂಡ ಇತ್ತು. ಹನ್ನೆರಡು ದಿನದಿಂದ ಅದನ್ನು ಯಾರೂ ತೆರೆದೇ ಇರಲಿಲ್ಲ! ಆದ್ದರಿಂದ ಈ ಸಲದ ಪಾಠ ಇದೇ ವಿಷಯ ಕುರಿತು.

ಕೇಳದೆ ಬರುವ ಇಂಥ ಕಸದ ಮೇಲ್‌ಗೆ ‘ಸ್ಪ್ಯಾಮ್’ ಎನ್ನುತ್ತಾರೆ. ಇದು ಹೊಸ ಕಾಟವೇನಲ್ಲ. 1978ರಲ್ಲೇ ಅಮೆರಿಕದ ಕಂಪ್ಯೂಟರ್ ಕಂಪನಿಯೊಂದರ ನೌಕರ ಸುಮಾರು 400 ಜನರಿಗೆ ಒಂದೇ ಜಾಹೀರಾತು ಕಳಿಸಿ ಬೈಸಿಕೊಂಡಿದ್ದ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಗೆಳೆಯನೊಡನೆ ಸೇರಿ 1996ರಲ್ಲಿ ಹಾಟ್‌ಮೇಲ್ ಶುರುಮಾಡಿದರು. ಅಲ್ಲಿಂದೀಚೆಗೆ ಇ-ಮೇಲ್ ಜನಸಾಮಾನ್ಯರಿಗೂ ಪುಕ್ಕಟೆಯಾಗಿ ಸಿಗತೊಡಗಿತು. ಮೋಸಗಾರರಿಗೂ ಪುಕ್ಕಟೆ ಆಯ್ತು, ತೊಂದರೆ ಇರೋದು ಅಲ್ಲೇ. ಕಾಗದ ಹಾಕಬೇಕಾದರೆ ಅಂಚೆಚೀಟಿಗೆ ಕಾಸು ಬೇಕು. ಲಕ್ಷ ಜನಕ್ಕೆ ಮೇಲ್ ಕಳಿಸಿದರೂ ಖರ್ಚು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದರಲ್ಲಿ ಒಬ್ಬರು ನಂಬಿದರೂ ಅವರಿಗೆ ಲಾಭವೇ.

ನಮ್ಮ ವಿಳಾಸ ಅವರಿಗೆ ಹೇಗೆ ಸಿಗುತ್ತೆ? ಬಹಳ ಸಲ ನಾವೇ ಕೊಟ್ಟಿರುತ್ತೇವೆ. ಸೀರೆ ಅಂಗಡಿಯ ಬಹುಮಾನದ ಚೀಟಿಯಲ್ಲಿ, ಜಾತ್ರೆಯ ಮಳಿಗೆಯಲ್ಲಿ, ಯಾವುದೋ ಆಟದ ಆ್ಯಪಿನಲ್ಲಿ ಬರೆದು ಬಂದಿರುತ್ತೇವೆ. ಹೆಸರಿನ ಮುಂದೆ 123 ಸೇರಿಸಿ ಮಾಡಿದ ವಿಳಾಸವನ್ನಂತೂ ಕಂಪ್ಯೂಟರೇ ಊಹಿಸಿ ಕಳಿಸುತ್ತದೆ.

ಎರಡು ವಿಳಾಸ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಬ್ಯಾಂಕ್, ಆಧಾರ್, ಮಕ್ಕಳ ಶಾಲೆಗೆ ಮಾತ್ರ. ಇನ್ನೊಂದು ಅಂಗಡಿ, ಆ್ಯಪ್ ಇತ್ಯಾದಿಗೆ. ಮನೆಗೆ ಮುಂಬಾಗಿಲು, ಹಿತ್ತಲಬಾಗಿಲು ಇರಲ್ವೇ, ಹಾಗೆ. ಪಾಸ್‌ವರ್ಡ್ ಮಾತ್ರ ಎರಡಕ್ಕೂ ಬೇರೆ ಬೇರೆ ಇರಲಿ. ಅರ್ಜಿ ಹಾಕಿಕೊಡುವ ಅಂಗಡಿಯವರು ತಮ್ಮದೇ ಇ-ಮೇಲ್ ಹಾಕಿಬಿಟ್ಟರೆ ಮುಂದೆ ಬರುವ ಪತ್ರ ನಿಮಗೆ ತಲುಪುವುದೇ ಇಲ್ಲ. ಮುಜುಗರ ಪಡದೆ ಕೇಳಿ, ನಿಮ್ಮದನ್ನೇ ಹಾಕಿಸಿ.

ಸಂಘದ ಪ್ರತಿನಿಧಿಗಳು ಇಪ್ಪತ್ತು ಜನಕ್ಕೂ ಒಟ್ಟಿಗೆ ಮೇಲ್ ಕಳಿಸುವಾಗ ವಿಳಾಸಗಳನ್ನು ‘ಬಿಸಿಸಿ’ ಎಂಬ ಜಾಗದಲ್ಲಿ ಹಾಕಬೇಕು. ಆಗ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ಇದನ್ನು ಓದಿದವರೂ ಮರೆಯುತ್ತಾರೆ, ನಾನೂ ಮರೆತಿದ್ದೇನೆ.

ಕಸದ ಮೇಲ್ ಬಂದರೆ "ಇನ್ಮೇಲೆ ಕಳಿಸಬೇಡಿ" ಅಂತ ಉತ್ತರ ಬರೆಯಬೇಡಿ. ಗುರುತಿಲ್ಲದ ಮೇಲ್‌ನಲ್ಲಿ ‘ಅನ್‌ಸಬ್‌ಸ್ಕ್ರೈಬ್’ ಕೂಡ ಒತ್ತಬೇಡಿ. ಈ ವಿಳಾಸದಲ್ಲಿ ಜನ ಇದ್ದಾರೆ ಅಂತ ಅವರಿಗೆ ಖಾತ್ರಿಯಾಗಿ ಇನ್ನೂ ಹೆಚ್ಚು ಬರುತ್ತವೆ. ಜಿಮೇಲ್‌ನಲ್ಲಿ ಮೂರು ಚುಕ್ಕಿ ಒತ್ತಿ ಸ್ಪ್ಯಾಮ್ ಎಂದು ತಿಳಿಸಿದರೆ ಸಾಕು.

ಸಾಲ ಮಂಜೂರಾಗಿದೆ, ಮೊದಲು ಶುಲ್ಕ ಕಟ್ಟಿ ಅಂತ ಮೇಲ್ ಬಂದರೆ ಅದರಲ್ಲಿರುವ ನಂಬರಿಗೆ ಫೋನ್ ಮಾಡದೆ ನೇರ ಬ್ಯಾಂಕಿಗೇ ಹೋಗಿ ವಿಚಾರಿಸಿ. ಒಟಿಪಿಯನ್ನು ಬ್ಯಾಂಕಿನವರೂ ಕೇಳುವುದಿಲ್ಲ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಗಂಡನಿಗೆ ಗೊತ್ತಾದರೆ ಬೈತಾರೆ ಅಂತ ಒಂದು ದಿನ ಮುಚ್ಚಿಟ್ಟರೆ ಅಷ್ಟರೊಳಗೆ ದುಡ್ಡು ಹತ್ತು ಖಾತೆ ದಾಟಿರುತ್ತದೆ.

ಇನ್ನೊಂದು ಮಾತು. ಕೆಲವೊಮ್ಮೆ ಒಳ್ಳೆಯ ಮೇಲ್ ಕೂಡ ತಪ್ಪಿ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ, 30 ದಿನ ಕಳೆದರೆ ಜಿಮೇಲ್ ಅದನ್ನು ತಾನೇ ಅಳಿಸಿಬಿಡುತ್ತದೆ. ವಾರದ ಉಳಿತಾಯ ಕಟ್ಟುವ ದಿನವೇ ಆ ಪೆಟ್ಟಿಗೆಯನ್ನೂ ಒಮ್ಮೆ ತೆರೆದು ನೋಡಿ.