ಸಂತಾನ ಚಿಕಿತ್ಸೆಗಾಗಿ ವಿದೇಶ ಪ್ರಯಾಣ: ಹೊರಡುವ ಮುನ್ನ

ಕರಾವಳಿಯ ಒಂದು ಊರಿನ ದಂಪತಿ. ಮದುವೆಯಾಗಿ ಒಂಬತ್ತು ವರ್ಷ ಕಳೆದರೂ ಸಂತಾನಭಾಗ್ಯವಿಲ್ಲ. ಪತಿ ಕೊಲ್ಲಿ ರಾಷ್ಟ್ರವೊಂದರಲ್ಲಿ ಉದ್ಯೋಗಿ. ಮಧ್ಯವರ್ತಿಯೊಬ್ಬ ಅವರಿಗೆ ಮೂರು ದೇಶಗಳ ಚಿಕಿತ್ಸಾಲಯಗಳ ವಿವರಪತ್ರಗಳನ್ನು ಕೊಟ್ಟಿದ್ದ. ಒಂದೊಂದರಲ್ಲೂ ಮುದ್ದಾದ ಮಕ್ಕಳ ಚಿತ್ರ, ಯಶಸ್ಸಿನ ಶೇಕಡಾವಾರು, ಖರ್ಚಿನ ಪಟ್ಟಿ. ಅವುಗಳ ಜೊತೆಗಿದ್ದ ಒಪ್ಪಿಗೆ ಪತ್ರವೊಂದರಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು: ಅಗತ್ಯ ಬಿದ್ದಲ್ಲಿ ಬೇರೊಬ್ಬ ಸ್ತ್ರೀಯ ಅಂಡಾಣುವನ್ನು ಬಳಸಲು ನಮ್ಮ ಸಮ್ಮತಿಯಿದೆ. ಆ ಸಹೋದರಿ ನಮ್ಮಲ್ಲಿ ಕೇಳಿದ್ದು ಎರಡೇ ಪ್ರಶ್ನೆ. "ಹೋಗುವುದಾದರೆ ಯಾವ ದೇಶಕ್ಕೆ ಹೋಗಬೇಕು? ಈ ಸಾಲಿಗೆ ಸಹಿ ಹಾಕಬಹುದೇ?"

ಎರಡನೆಯ ಪ್ರಶ್ನೆಗೆ ಉತ್ತರ ದೊರೆತರೆ ಮೊದಲನೆಯದು ಅರ್ಧ ಬಗೆಹರಿದಂತೆ. ಇಂದು ನಮ್ಮ ಅನೇಕ ಕುಟುಂಬಗಳು ಈ ಸ್ಥಿತಿಯಲ್ಲಿರುವುದರಿಂದ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಪರೀಕ್ಷೆಯೇ ಹೊರತು ಶಾಪವಲ್ಲ

ಅಲ್ಲಾಹನು ತಾನಿಚ್ಛಿಸಿದವರಿಗೆ ಹೆಣ್ಣು ಮಕ್ಕಳನ್ನೂ ತಾನಿಚ್ಛಿಸಿದವರಿಗೆ ಗಂಡು ಮಕ್ಕಳನ್ನೂ ಕೆಲವರಿಗೆ ಎರಡನ್ನೂ ನೀಡುತ್ತಾನೆ, ಇನ್ನು ಕೆಲವರನ್ನು ಸಂತಾನವಿಲ್ಲದವರನ್ನಾಗಿ ಇಡುತ್ತಾನೆ ಎಂಬುದು ಪವಿತ್ರ ಕುರ್‌ಆನಿನ ಅಶ್ಶೂರಾ ಅಧ್ಯಾಯದ ಬೋಧನೆ. ಪ್ರವಾದಿ ಇಬ್ರಾಹೀಮ್(ಅ) ಮತ್ತು ಝಕರಿಯ್ಯಾ(ಅ)ರಂತಹ ಮಹಾತ್ಮರೇ ವೃದ್ಧಾಪ್ಯದವರೆಗೆ ಮಗುವಿಗಾಗಿ ಹಂಬಲಿಸಿ ಪ್ರಾರ್ಥಿಸಿದ್ದಾರೆ. ಹೀಗಿರುವಾಗ ಮಕ್ಕಳಿಲ್ಲದ ಹೆಣ್ಣನ್ನು ಶುಭಕಾರ್ಯಗಳಲ್ಲಿ ಬದಿಗೆ ಸರಿಸುವುದು, ಚುಚ್ಚು ಮಾತಾಡುವುದು ಯಾವ ದೀನ್? ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ವಯಸ್ಕರಲ್ಲಿ ಸುಮಾರು ಆರರಲ್ಲೊಬ್ಬರು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಬಂಜೆತನವನ್ನು ಅನುಭವಿಸುತ್ತಾರೆ. ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ಆದರೂ ನಮ್ಮಲ್ಲಿ ಸೊಸೆಯನ್ನು ಹತ್ತು ವೈದ್ಯರ ಬಳಿ ಅಲೆಸಿದ ಬಳಿಕವೇ ಮಗನ ವೀರ್ಯ ಪರೀಕ್ಷೆಯ ಯೋಚನೆ ಬರುತ್ತದೆ. ಅದು ತೀರಾ ಸರಳವಾದ, ಕಡಿಮೆ ಖರ್ಚಿನ ಪರೀಕ್ಷೆ. ಅದನ್ನೇ ಮೊದಲು ಮಾಡಿಸಬೇಕು.

ಇನ್ನೊಂದು ಮಾತು. ದಂಪತಿ ಜೊತೆಯಾಗಿ ಬಾಳಿ 12 ತಿಂಗಳಾದರೂ ಗರ್ಭ ನಿಲ್ಲದಿದ್ದರೆ ಮಾತ್ರ ವೈದ್ಯರು ಅದನ್ನು ಬಂಜೆತನವೆನ್ನುತ್ತಾರೆ. ಪತ್ನಿಗೆ 35 ದಾಟಿದ್ದರೆ ಆರು ತಿಂಗಳಲ್ಲೇ ಪರೀಕ್ಷೆಗೆ ಹೋಗುವುದು ಒಳಿತು. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಯಲ್ಲಿ ಬಂದು ಹೋಗುವ ಪತಿ, ಮದುವೆಯಾಗಿ ಆರು ವರ್ಷವಾಯಿತೆಂದು ಲೆಕ್ಕ ಹಾಕಿದರೆ ಅದು ಸರಿಯಾದ ಲೆಕ್ಕವಲ್ಲ. ಅಂತಹವರಿಗೆ ಮೊದಲ ಚಿಕಿತ್ಸೆ ಒಂದೇ ಸೂರಿನಡಿ ಬಾಳುವುದು.

ಶರೀಅತ್ ಹಾಕಿದ ಗೆರೆ

ಪ್ರತಿ ರೋಗಕ್ಕೂ ಅಲ್ಲಾಹನು ಔಷಧಿಯನ್ನು ಇಳಿಸಿದ್ದಾನೆಂದು ಪ್ರವಾದಿವರ್ಯರು(ಸ) ಕಲಿಸಿರುವರು. ಆದ್ದರಿಂದ ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಪ್ರಪಂಚದ ಮೊದಲ ಪ್ರನಾಳ ಶಿಶು 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜನಿಸಿತು. ಎರಡೇ ವರ್ಷಗಳೊಳಗೆ, 1980ರ ಮಾರ್ಚ್‌ನಲ್ಲಿ, ಈಜಿಪ್ಟಿನ ಶೈಖ್ ಜಾದುಲ್ ಹಕ್ ಅವರು ಈ ಕುರಿತು ಫತ್ವಾ ನೀಡಿದರು. 1986ರ ಅಕ್ಟೋಬರ್‌ನಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿಯು ಅಂದು ರೂಢಿಯಲ್ಲಿದ್ದ ಏಳು ವಿಧಾನಗಳನ್ನು ಪರಿಶೀಲಿಸಿ, ಐದನ್ನು ನಿಷಿದ್ಧವೆಂದೂ ಎರಡನ್ನು ಅಗತ್ಯವಿದ್ದಾಗ ಎಚ್ಚರಿಕೆಯೊಂದಿಗೆ ಅನುಸರಿಸಬಹುದೆಂದೂ ತೀರ್ಮಾನಿಸಿತು.

ಅನುಮತಿಸಲಾದ ಎರಡು ಇವು. ಪತಿಯ ವೀರ್ಯವನ್ನು ಪತ್ನಿಯ ಗರ್ಭಕೋಶಕ್ಕೆ ಸೇರಿಸುವುದು. ಪತಿಯ ವೀರ್ಯಾಣು ಮತ್ತು ಪತ್ನಿಯ ಅಂಡಾಣುವನ್ನು ಹೊರಗೆ ಫಲಿತಗೊಳಿಸಿ ಅದೇ ಪತ್ನಿಯ ಗರ್ಭದಲ್ಲಿರಿಸುವುದು. ಮೂರನೆಯ ವ್ಯಕ್ತಿಯ ವೀರ್ಯಾಣು, ಅಂಡಾಣು, ಭ್ರೂಣ ಅಥವಾ ಗರ್ಭಾಶಯ ಬಂದೊಡನೆ ಗೆರೆ ದಾಟಿದಂತೆ. ವಿವಾಹ ಬಂಧ ಜೀವಂತವಾಗಿರುವುದೂ ಅಗತ್ಯ. ತಲಾಕ್‌ನಿಂದ ಬೇರ್ಪಟ್ಟ ಮೇಲೆ ಅಥವಾ ಪತಿಯ ಮರಣಾನಂತರ, ಶೇಖರಿಸಿಟ್ಟ ವೀರ್ಯವನ್ನು ಬಳಸಲಾಗದು.

ಒಬ್ಬನಿಗೆ ಇಬ್ಬರು ಪತ್ನಿಯರಿದ್ದರೆ ಒಬ್ಬಳ ಅಂಡಾಣುವಿನಿಂದಾದ ಭ್ರೂಣವನ್ನು ಇನ್ನೊಬ್ಬಳು ಹೊರಬಹುದೇ? ಮಕ್ಕಾದ ಫಿಕ್‌ಹ್ ಸಮಿತಿಯು 1984ರಲ್ಲಿ ಇದಕ್ಕೆ ಒಪ್ಪಿಗೆಯಿತ್ತು, 1985ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಹೊರುವವಳು ತಾನೂ ಪತಿಯಿಂದ ಗರ್ಭ ಧರಿಸಿದರೆ ಯಾವ ಮಗುವಿನ ತಾಯಿ ಯಾರೆಂದು ತಿಳಿಯದು ಎಂಬುದೇ ಕಾರಣ. ಒಂದೇ ಮನೆಯೊಳಗಿನ ಗೊಂದಲವನ್ನೇ ವಿದ್ವಾಂಸರು ಸಹಿಸಲಿಲ್ಲವೆಂದರೆ, ಹೆಸರೇ ಗೊತ್ತಿಲ್ಲದ ದಾನಿಯ ವಿಷಯವನ್ನು ಹೇಳಬೇಕೇ?

ನಸಬ್ ಎಂಬುದು ಬರಿಯ ಮನೆತನದ ಹೆಮ್ಮೆಯಲ್ಲ. ವಾರಸು ಹಕ್ಕು, ಮಹ್ರಮ್ ಸಂಬಂಧ, ವಿವಾಹ ನಿಷೇಧ ಎಲ್ಲವೂ ಅದರ ಮೇಲೆ ನಿಂತಿವೆ. ಒಬ್ಬನೇ ದಾನಿಯಿಂದ ಹಲವು ಮನೆಗಳಲ್ಲಿ ಹುಟ್ಟಿದ ಮಕ್ಕಳು ನಾಳೆ ಪರಸ್ಪರ ತಿಳಿಯದೆ ಮದುವೆಯಾಗುವ ಸಂಭವವನ್ನು ಯೋಚಿಸಿರಿ. ತಾನು ಯಾರ ಮಗುವೆಂದು ತಿಳಿಯುವುದು ಮಗುವಿನ ಹಕ್ಕು. ನಮ್ಮ ಹಂಬಲ ಎಷ್ಟೇ ತೀವ್ರವಿದ್ದರೂ, ಇನ್ನೂ ಹುಟ್ಟದವನ ಹಕ್ಕನ್ನು ಮಾರುವ ಅಧಿಕಾರ ನಮಗಿಲ್ಲ.

ದೇಶ ದೇಶಗಳ ಕಾನೂನು

ಸ್ಪೇನ್ ಅಂಡಾಣು ದಾನದ ಚಿಕಿತ್ಸೆಗೆ ಹೆಸರಾದ ದೇಶ. ಅಲ್ಲಿನ 2006ರ ಕಾನೂನಿನ ಪ್ರಕಾರ ದಾನಿಯ ಹೆಸರು ಗುಪ್ತ. ಬ್ರಿಟನ್ನಿನಲ್ಲಿ 2005ರ ಏಪ್ರಿಲ್‌ನಿಂದ ನಿಯಮ ಬದಲಾಗಿ, ಆ ಬಳಿಕ ನೋಂದಾಯಿತ ದಾನಿಗಳಿಂದ ಹುಟ್ಟಿದ ಮಗು 18 ತುಂಬಿದಾಗ ದಾನಿಯಾರೆಂದು ತಿಳಿಯಬಹುದು. ಗುಪ್ತವಾಗಿಟ್ಟರೆ ಮಕ್ಕಳಿಗೆ ಅನ್ಯಾಯವಾಗುತ್ತದೆಂದು ಪಾಶ್ಚಾತ್ಯರೇ ಒಪ್ಪಿಕೊಳ್ಳುತ್ತಿರುವುದು ಗಮನಾರ್ಹ.

ಟರ್ಕಿಯಲ್ಲಿ ವಿವಾಹಿತ ದಂಪತಿಗೆ ಮಾತ್ರ ಈ ಚಿಕಿತ್ಸೆ, ದಾನಿಗೆ ಎಡೆಯಿಲ್ಲ. ಅಂಡಾಣು, ವೀರ್ಯಾಣು ದಾನಕ್ಕಾಗಿ ಜನರು ಹೊರದೇಶಕ್ಕೆ ಹೋಗುವುದನ್ನೂ 2010ರ ನಿಯಮವು ನಿಷೇಧಿಸಿತು. ಅದೇ ನಿಯಮದಂತೆ 35 ವರ್ಷದೊಳಗಿನ ಸ್ತ್ರೀಗೆ ಮೊದಲ ಎರಡು ಪ್ರಯತ್ನಗಳಲ್ಲಿ ಒಂದೇ ಭ್ರೂಣ ಇರಿಸಬೇಕು. ಇದು ಅವಳಿ ತ್ರಿವಳಿ ಗರ್ಭದ ಅಪಾಯವನ್ನು ತಪ್ಪಿಸುವ ವಿವೇಕದ ಕ್ರಮ.

"ಮುಸ್ಲಿಮ್ ದೇಶವಾದರೆ ಸಾಕು, ಮತ್ತೇನೂ ಕೇಳಬೇಕಾಗಿಲ್ಲ" ಎಂಬ ಭಾವನೆ ಅನೇಕರಲ್ಲಿದೆ. ಅದು ಸರಿಯಲ್ಲ. ಇರಾನ್‌ನಲ್ಲಿ 1999ರಲ್ಲಿ ಆಯತುಲ್ಲಾ ಖಾಮಿನೈಯವರ ಫತ್ವಾ ದಾನಿಯ ಬಳಕೆಗೆ ಷರತ್ತುಬದ್ಧವಾಗಿ ಬಾಗಿಲು ತೆರೆಯಿತು. 2003ರ ಕಾನೂನು ಭ್ರೂಣ ದಾನವನ್ನು ಒಪ್ಪಿತು. ಅಲ್ಲಿನ ಶಿಯಾ ವಿದ್ವಾಂಸರಲ್ಲೇ ಈ ಬಗ್ಗೆ ಒಮ್ಮತವಿಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2019ರ ಕಾನೂನು ಭ್ರೂಣಗಳನ್ನು ಹಿಮದಲ್ಲಿ ಕಾಪಿಡಲು ಅವಕಾಶ ನೀಡಿತು. 2023ರ ತಿದ್ದುಪಡಿ ಮುಸ್ಲಿಮೇತರ ಅವಿವಾಹಿತ ಜೋಡಿಗಳಿಗೂ ಚಿಕಿತ್ಸೆಯ ಬಾಗಿಲು ತೆರೆಯಿತು. ಅಂದರೆ ದೇಶದ ಹೆಸರನ್ನು ನಂಬಿ ಕೂರುವಂತಿಲ್ಲ. ನಮ್ಮ ಗೆರೆಯನ್ನು ನಾವೇ ಕಾಯಬೇಕು.

ಬಾಡಿಗೆ ತಾಯ್ತನದ ವಿಷಯದಲ್ಲಿ ಕಾನೂನುಗಳು ಇನ್ನೂ ಬೇಗ ಬದಲಾಗುತ್ತವೆ. 2008ರಲ್ಲಿ ಗುಜರಾತಿನ ಆಣಂದ್‌ನಲ್ಲಿ ಜಪಾನೀ ದಂಪತಿಗಾಗಿ ಒಬ್ಬ ಸ್ತ್ರೀ ಹೆಣ್ಣು ಮಗುವನ್ನು ಹೆತ್ತಳು. ಹೆರಿಗೆಗೆ ಮುನ್ನವೇ ಆ ದಂಪತಿ ವಿಚ್ಛೇದನ ಪಡೆದಿದ್ದರು. ಮಗುವಿನ ತಾಯಿ ಯಾರು, ಯಾವ ದೇಶದ ಪ್ರಜೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ತಿಂಗಳುಗಳ ಬಳಿಕ ಅಜ್ಜಿ ಅವಳನ್ನು ಕರೆದೊಯ್ದರು. ಭಾರತ, ನೇಪಾಳ, ಥೈಲ್ಯಾಂಡ್ ಮೂರೂ 2015ರಲ್ಲಿ ವಿದೇಶೀಯರಿಗೆ ಈ ಬಾಗಿಲು ಮುಚ್ಚಿದವು. ಶರೀಅತ್ ಮೊದಲೇ ತಡೆದದ್ದನ್ನು ಜಗತ್ತು ಕಣ್ಣೀರಿನ ಬಳಿಕ ತಡೆಯಿತು.

ತವರಿನಲ್ಲೇ ಇರುವ ದಾರಿ

ವಿದೇಶವೆಂದರೆ ಉತ್ತಮವೆಂಬ ಭ್ರಮೆ ಬೇಡ. ಭಾರತದಲ್ಲಿ 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಚಿಕಿತ್ಸಾಲಯ ನೋಂದಾಯಿತವಾಗಿರಬೇಕು. 21ರಿಂದ 50 ವರ್ಷದೊಳಗಿನ ಸ್ತ್ರೀಗೆ, 21ರಿಂದ 55 ವರ್ಷದೊಳಗಿನ ಪುರುಷನಿಗೆ ಚಿಕಿತ್ಸೆ ಲಭ್ಯ. ಈ ಕಾಯ್ದೆಯಲ್ಲಿ ದಾನಿಗೆ ಅವಕಾಶವಿದೆ. ಆದರೆ ಕಾನೂನು ಒಪ್ಪಿದ್ದೆಲ್ಲವೂ ದೀನ್ ಒಪ್ಪಿದ್ದಲ್ಲ. ಕೊಲ್ಲಿಯಲ್ಲಿರುವ ನಮ್ಮವರು ಒಂದು ಮುಖ್ಯ ಅಂಶವನ್ನು ನೆನಪಿಡಬೇಕು. ಇಲ್ಲಿಂದ ಭ್ರೂಣವನ್ನು ಹೊರದೇಶಕ್ಕೆ ಒಯ್ಯಲು, ಸ್ವಂತ ಬಳಕೆಗಾದರೂ, ರಾಷ್ಟ್ರೀಯ ಮಂಡಳಿಯ ಅನುಮತಿ ಬೇಕು. ಆದ್ದರಿಂದ ಆರಂಭಿಸಿದ ದೇಶದಲ್ಲೇ ಮುಗಿಸಲು ಸಾಧ್ಯವೇ ಎಂದು ಮೊದಲು ನೋಡಿರಿ.

ಅಂಡಾಣು ಬೆಳೆಸುವ ಚುಚ್ಚುಮದ್ದು ಸುಮಾರು ಹತ್ತು ಹನ್ನೆರಡು ದಿನ. ಬಳಿಕ ಅಂಡಾಣು ತೆಗೆಯುವುದು, ಮೂರು ಅಥವಾ ಐದನೆಯ ದಿನ ಭ್ರೂಣವನ್ನಿರಿಸುವುದು, ಮತ್ತೆ ಸುಮಾರು ಎರಡು ವಾರ ಕಾದು ರಕ್ತ ಪರೀಕ್ಷೆ. ಮದ್ದಿನಿಂದ ಅಂಡಾಶಯ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವ ತೊಂದರೆ ಕೆಲವರಿಗೆ ಆಗುವುದುಂಟು. ಅದು ವಿಮಾನ ಹತ್ತಿ ಬಂದ ಮೇಲೂ ಉಲ್ಬಣಿಸಬಹುದು. ಆಗ ಯಾರು ನೋಡುತ್ತಾರೆ? ಭಾಷೆ ತಿಳಿಯದ ಊರಿನಲ್ಲಿ ಒಂಟಿ ಹೆಣ್ಣಿನ ಪಾಡೇನು? ಪತಿ ಜೊತೆಗಿರಲೇಬೇಕು.

ಸಹಿ ಹಾಕುವ ಮುನ್ನ

ಮೊದಲನೆಯದಾಗಿ, ನಮ್ಮಿಬ್ಬರದನ್ನು ಬಿಟ್ಟು ಬೇರಾರದನ್ನೂ ಬಳಸಕೂಡದೆಂದು ಲಿಖಿತವಾಗಿ ಬರೆದುಕೊಡಿರಿ. ತಿಳಿಯದ ಭಾಷೆಯ ಪತ್ರಕ್ಕೆ ಸಹಿ ಹಾಕಬೇಡಿರಿ. ಮಾದರಿಗಳು ಅದಲುಬದಲಾಗದಂತೆ ಪ್ರತಿ ಹಂತದಲ್ಲೂ ಇಬ್ಬರು ಸಿಬ್ಬಂದಿ ಹೆಸರು ಪರಿಶೀಲಿಸುವ ಕ್ರಮವಿದೆಯೇ ಎಂದು ಕೇಳಿರಿ.

ಎರಡನೆಯದಾಗಿ, ಯಶಸ್ಸಿನ ಶೇಕಡಾವಾರಿನ ಒಳಗುಟ್ಟನ್ನು ಕೇಳಿರಿ. ಅದು ಗರ್ಭ ನಿಂತವರ ಲೆಕ್ಕವೋ, ಜೀವಂತ ಮಗು ಪಡೆದವರ ಲೆಕ್ಕವೋ? ಯಾವ ವಯಸ್ಸಿನವರದು? ದಾನಿಯ ಅಂಡಾಣು ಬಳಸಿದವರೂ ಅದರಲ್ಲಿದ್ದಾರೆಯೇ? ವಯಸ್ಸಾದಂತೆ ಸ್ವಂತ ಅಂಡಾಣುವಿನಿಂದ ಫಲ ಸಿಗುವ ಸಾಧ್ಯತೆ ಇಳಿಯುತ್ತದೆ. ದಾನಿಯದಾದರೆ ದಾನಿಯ ವಯಸ್ಸೇ ಲೆಕ್ಕ. ಪಟ್ಟಿಯ ದೊಡ್ಡ ಅಂಕಿ ಅನೇಕ ಸಲ ಅಲ್ಲಿಂದ ಬಂದಿರುತ್ತದೆ, ಎರಡು ಸಲ ಸೋತು ಬಳಲಿದ ದಂಪತಿಗೆ ಆ ದಾರಿಯನ್ನು ತೋರಿಸುವುದೂ ಅದೇ ಅಂಕಿಯೇ.

ಮೂರನೆಯದಾಗಿ, ಎಷ್ಟು ಭ್ರೂಣ ತಯಾರಿಸುತ್ತೀರಿ, ಉಳಿದದ್ದನ್ನು ಏನು ಮಾಡುತ್ತೀರಿ ಎಂದು ಕೇಳಿರಿ. ಅಗತ್ಯವಿದ್ದಷ್ಟನ್ನೇ ಫಲಿತಗೊಳಿಸಬೇಕು, ಉಳಿದರೆ ಅದನ್ನು ಬೇರೊಬ್ಬಳಿಗೆ ನೀಡಬಾರದು ಎಂಬುದು 1990ರಲ್ಲಿ ಅದೇ ಫಿಕ್‌ಹ್ ಅಕಾಡೆಮಿಯ ತೀರ್ಮಾನ. ಗಂಡು ಮಗುವೇ ಬೇಕೆಂದು ಭ್ರೂಣ ಆರಿಸಲು ಹೊರದೇಶಕ್ಕೆ ಹೋಗುವವರೂ ಇದ್ದಾರೆ. ಹೆಣ್ಣು ಮಗುವಿನ ಸುದ್ದಿಗೆ ಮುಖ ಕಪ್ಪಿಡುತ್ತಿದ್ದ ಜಾಹಿಲಿಯ್ಯಾ ಕಾಲದವರಿಗೂ ಇವರಿಗೂ ವ್ಯತ್ಯಾಸವೇನು?

ನಾಲ್ಕನೆಯದಾಗಿ, ಹಣ. ಬಡ್ಡಿ ಸಾಲದಿಂದ ಈ ಪ್ರಯಾಣ ಆರಂಭವಾಗದಿರಲಿ. ಮಹ್ರ್‌ನ ಚಿನ್ನ ಪತ್ನಿಯ ಸೊತ್ತು. ಅವಳ ಮನಃಪೂರ್ವಕ ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟಬೇಡಿರಿ. ಎಷ್ಟು ಪ್ರಯತ್ನದ ಬಳಿಕ ನಿಲ್ಲಿಸುವುದೆಂದು ಹೊರಡುವ ಮೊದಲೇ ಇಬ್ಬರೂ ಕೂತು ನಿರ್ಧರಿಸಿರಿ.

ಮಡಿಲು ಬರಿದಾದರೆ

ಎಲ್ಲ ಪ್ರಯತ್ನದ ಬಳಿಕವೂ ಮಗುವಾಗದಿರಬಹುದು. ಹಝ್ರತ್ ಆಇಶಾ(ರ)ರಿಗೆ ಮಕ್ಕಳಿರಲಿಲ್ಲ. ಅವರ ಅಕ್ಕನ ಮಗನಾದ ಅಬ್ದುಲ್ಲಾರ ಹೆಸರಿನಿಂದ ಪ್ರವಾದಿವರ್ಯರು(ಸ) ಅವರಿಗೆ ಉಮ್ಮು ಅಬ್ದುಲ್ಲಾ ಎಂಬ ಹೆಸರನ್ನಿತ್ತರು. ಇಂದಿಗೂ ಅವರು ಸಕಲ ಸತ್ಯವಿಶ್ವಾಸಿಗಳ ಮಾತೆ. ಅನಾಥ ಮಗುವನ್ನು ಅದರ ತಂದೆಯ ಹೆಸರನ್ನು ಅಳಿಸದೆ ಸಾಕುವುದು ಮಹಾ ಪುಣ್ಯ ಕಾರ್ಯ. ಎರಡು ವರ್ಷದೊಳಗಿನ ಮಗುವಿಗೆ ಮನೆಯ ಹತ್ತಿರದ ಬಂಧುವೊಬ್ಬಳು ನಿಯಮದಂತೆ ಎದೆಹಾಲು ನೀಡಿದರೆ ಮಹ್ರಮ್ ಸಂಬಂಧವೂ ಏರ್ಪಡಬಲ್ಲದು. ವಿವರವನ್ನು ಬಲ್ಲ ಆಲಿಮರಲ್ಲಿ ಕೇಳಿ ತಿಳಿಯಬಹುದು.

ಆ ಸಹೋದರಿಗೆ ನಾವು ಹೇಳಿದ್ದಿಷ್ಟೇ: ತಂಗೀ, ಆ ಸಾಲನ್ನು ಹೊಡೆದು ಹಾಕು. ಅದನ್ನು ಹೊಡೆದು ಹಾಕಲು ಒಪ್ಪದ ದೇಶಕ್ಕೂ ಚಿಕಿತ್ಸಾಲಯಕ್ಕೂ ಹೋಗಬೇಡ. ಒಪ್ಪುವ ಕಡೆಗೆ, ಸಾಧ್ಯವಾದರೆ ನಿನ್ನವರ ಹತ್ತಿರದಲ್ಲೇ ಇರುವ ಕಡೆಗೆ, ಪತಿಯೊಂದಿಗೆ ಹೋಗು. ಪ್ರಯತ್ನ ನಮ್ಮದು, ಫಲ ಅಲ್ಲಾಹನದು. ಮಕ್ಕಳಿಗಾಗಿ ಹಂಬಲಿಸುವ ಎಲ್ಲ ದಂಪತಿಗಳಿಗೂ ಅವನು ಹಲಾಲ್ ಮಾರ್ಗದಲ್ಲಿ ಕಣ್ಣು ತಣಿಸುವ ಸಂತಾನವನ್ನು ಕರುಣಿಸಲಿ. ಇಲ್ಲವಾದರೆ ಅದಕ್ಕಿಂತ ಉತ್ತಮವಾದುದನ್ನು ನೀಡಿ ಅವರ ಮನಸ್ಸಿಗೆ ನೆಮ್ಮದಿಯನ್ನಿಡಲಿ. ಆಮೀನ್.