ಅವಳಿ ಗರ್ಭ: ಗ್ರಾಮ ಪಂಚಾಯಿತಿ ಸದಸ್ಯರು ಅರಿತಿರಬೇಕಾದ ಸಂಗತಿಗಳು

2022ರ ನವೆಂಬರ್ ತಿಂಗಳಿನಲ್ಲಿ ತುಮಕೂರು ನಗರದಲ್ಲಿ ನೆಲೆಸಿದ್ದ ಹೊರರಾಜ್ಯದ ಗರ್ಭಿಣಿಯೊಬ್ಬರು ಹೆರಿಗೆ ನೋವಿನಿಂದ ಸರ್ಕಾರಿ ಆಸ್ಪತ್ರೆಗೆ ಬಂದಿದ್ದರು. ತಾಯಿ ಕಾರ್ಡ್ ಮತ್ತು ಆಧಾರ್ ಇಲ್ಲವೆಂದು ಅವರನ್ನು ದಾಖಲಿಸಿಕೊಳ್ಳದೆ ಹಿಂದಕ್ಕೆ ಕಳುಹಿಸಿದ ಆರೋಪ ಕೇಳಿಬಂದಿತು. ಮನೆಯಲ್ಲಿಯೇ ಹೆರಿಗೆಯಾಗಿ ತಾಯಿಯೂ ಅವಳಿ ಶಿಶುಗಳೂ ಮೃತಪಟ್ಟರು. ಕರ್ತವ್ಯದಲ್ಲಿದ್ದ ಸಿಬ್ಬಂದಿಯನ್ನು ಅಮಾನತುಗೊಳಿಸಲಾಯಿತು. ಆದರೆ ಆ ರಾತ್ರಿಗೆ ಮುಂಚಿನ ತಿಂಗಳುಗಳಲ್ಲಿಯೇ ಗರ್ಭಿಣಿಯ ಹೆಸರು ಆಶಾ ಕಾರ್ಯಕರ್ತೆಯ ಪುಸ್ತಕ ಸೇರಿರಬೇಕಿತ್ತು.

ಅವಳಿ ಬಾಳೆಹಣ್ಣು ತಿಂದರೆ ಅವಳಿ ಮಕ್ಕಳಾಗುತ್ತವೆ ಎಂಬ ಮಾತು ನಮ್ಮ ಕಡೆ ಇಂದಿಗೂ ಇದೆ, ಅದಕ್ಕೆ ಆಧಾರವಿಲ್ಲ. ತಾಯಿಯ ಕಡೆಯ ವಂಶದಲ್ಲಿ ಅವಳಿಗಳಿರುವುದು, ಹೆಚ್ಚಿದ ವಯಸ್ಸು, ಸಂತಾನಕ್ಕಾಗಿ ಪಡೆದ ಚಿಕಿತ್ಸೆ ಇವು ನಿಜವಾದ ಕಾರಣಗಳು.

ಎರಡು ಶಿಶುಗಳನ್ನು ಹೊತ್ತ ತಾಯಿಗೆ ಕಬ್ಬಿಣಾಂಶ ಹೆಚ್ಚು ಬೇಕಾಗುವುದರಿಂದ ರಕ್ತಹೀನತೆ ಬೇಗ ತಲೆದೋರುತ್ತದೆ. ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಳ್ಳುವ ಸಂಭವ, ಒಂದೇ ಶಿಶುವಿನ ಗರ್ಭಕ್ಕೆ ಹೋಲಿಸಿದರೆ ಎರಡು ಮೂರು ಪಟ್ಟು. ತಲೆನೋವು, ಕಣ್ಣು ಮಂಜಾಗುವಿಕೆ, ಮುಖದ ಊತ ಇದರ ಸೂಚನೆಗಳು. ಇವನ್ನು ಬಸುರಿಯ ಸಹಜ ಆಯಾಸವೆಂದು ತಳ್ಳಿಹಾಕಬಾರದು. ಅರ್ಧಕ್ಕಿಂತ ಹೆಚ್ಚು ಅವಳಿಗಳು 37 ವಾರ ತುಂಬುವ ಮೊದಲೇ ಜನಿಸುತ್ತವೆ. ಎಲ್ಲಕ್ಕಿಂತ ಭಯಾನಕವಾದುದು ಹೆರಿಗೆಯ ನಂತರದ ರಕ್ತಸ್ರಾವ. ಅತಿಯಾಗಿ ಹಿಗ್ಗಿದ ಗರ್ಭಕೋಶ ಸರಿಯಾಗಿ ಸಂಕುಚಿಸದೆ ರಕ್ತ ಹರಿಯುತ್ತಲೇ ಇರುತ್ತದೆ. ರಕ್ತಹೀನ ತಾಯಿ ಒಂದೆರಡು ಗಂಟೆಯೂ ತಾಳಲಾರಳು. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರ್ ದೂರವಿದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಆದುದರಿಂದ 11ರಿಂದ 14ನೇ ವಾರದ ಸ್ಕ್ಯಾನಿಂಗ್ ಮುಖ್ಯ. ಶಿಶುಗಳೆರಡೂ ಒಂದೇ ಮಾಸುವನ್ನು ಹಂಚಿಕೊಂಡಿವೆಯೇ ಎಂಬುದು ಆಗಲೇ ಸ್ಪಷ್ಟವಾಗಿ ತಿಳಿಯುತ್ತದೆ. ಹಂಚಿಕೊಂಡಿದ್ದಲ್ಲಿ ಅಪಾಯ ಹೆಚ್ಚು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಉಚಿತ ತಪಾಸಣೆ ನಡೆಯುತ್ತದೆ.

ಸಿದ್ದರಬೆಟ್ಟದ ಸುತ್ತಲಿನ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳಲ್ಲಿ ಹೆರಿಗೆಗೆ ತವರಿಗೆ ಹೋಗುವುದು ವಾಡಿಕೆ. ಪಾವಗಡದವರ ತವರು ಆಂಧ್ರದಲ್ಲಿಯೂ ಇರಬಹುದು. ಹೋಗುವಾಗ ತಾಯಿ ಕಾರ್ಡ್ ಮತ್ತು ಸ್ಕ್ಯಾನಿಂಗ್ ವರದಿ ಜೊತೆಗಿರಲಿ, ಅಲ್ಲಿನ ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿರಲಿ. ಕೂಲಿಗೆ ಬಂದು ಇಟ್ಟಿಗೆ ಗೂಡು, ತೋಟಗಳಲ್ಲಿ ತಂಗಿರುವ ಕುಟುಂಬಗಳ ಗರ್ಭಿಣಿಯರನ್ನು ಸದಸ್ಯರು ತಾವೇ ವಿಚಾರಿಸಿ ನೋಂದಾಯಿಸಬೇಕು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಅವಳಿ ಗರ್ಭಿಣಿಯರ ಹೆಸರನ್ನು ಪ್ರತ್ಯೇಕವಾಗಿ ಓದಿಸಿ, ರಕ್ತ ದೊರೆಯುವ ಆಸ್ಪತ್ರೆ ಯಾವುದು, 108 ವಾಹನ ತಡವಾದಲ್ಲಿ ಊರಿನಲ್ಲಿ ಯಾರ ವಾಹನ ಹೊರಡುತ್ತದೆ ಎಂಬುದನ್ನು ಏಳನೇ ತಿಂಗಳಿಗೂ ಮೊದಲೇ ನಿಶ್ಚಯಿಸಿ ನಡವಳಿಯಲ್ಲಿ ಬರೆಸತಕ್ಕದ್ದು.