ಮೆತ್ತೆ ಹೊದಿಸಿದ ದೋಣಿ ಮುಚ್ಚಳದ ಸಡಿಲ ಹಿಂಜು

ಅಮೆರಿಕದ ಸರೋವರಗಳಲ್ಲಿ ವಿಹಾರಕ್ಕೆ ಓಡುವ ಫೈಬರ್‌ಗ್ಲಾಸ್ ಮೋಟಾರು ದೋಣಿಗಳಲ್ಲಿ ಅನೇಕ ಕಡೆ ಎಂಜಿನ್ನಿನ ಮುಚ್ಚಳವೇ ಬಿಸಿಲು ಕಾಯಿಸುವವರ ಹಾಸಿಗೆಯೂ ಹೌದು. ತಳದಲ್ಲಿ ಪ್ಲೈವುಡ್ ಹಲಗೆ, ಅದರ ಮೇಲೆ ಫೋಮು, ಎಲ್ಲಕ್ಕೂ ಮೇಲೆ ಬಿಗಿಯಾಗಿ ಎಳೆದು ಹಲಗೆಯ ಅಡಿಗೆ ಸ್ಟೇಪಲ್ ಹೊಡೆದ ವಿನೈಲ್. ಹಿಂಜಿನ ಸ್ಕ್ರೂಗಳು ಹಲಗೆಯ ಒಂದು ಅಂಚನ್ನು ಕಚ್ಚಿಕೊಂಡಿರುತ್ತವೆ. ಎತ್ತಿದಾಗ ಮುಚ್ಚಳ ಒಂದು ಪಕ್ಕಕ್ಕೆ ವಾಲತೊಡಗಿದರೆ ಬೈಗುಳ ಹಿಂಜಿಗೆ ಬೀಳುತ್ತದೆ. ಕೆಟ್ಟಿರುವುದು ಬಹುಮಟ್ಟಿಗೆ ಹಲಗೆ.

ನೀರು ಒಳಗಿಳಿಯುವುದು ವಿನೈಲಿನ ಹೊಲಿಗೆ ತೂತುಗಳಿಂದ. ಮಳೆಯ ನೀರು, ಈಜಿ ಬಂದು ಹಾಗೇ ಕುಳಿತವರ ಮೈನೀರು ಎಲ್ಲವನ್ನೂ ಫೋಮು ಹೀರುತ್ತದೆ. ವಿನೈಲಿಗೆ ಗಾಳಿಯಾಡದು, ಹಾಗಾಗಿ ಹೊರಮೈ ಒಣಗಿ ಹೊಳೆಯುತ್ತಿದ್ದರೂ ಹಲಗೆ ವಾರಗಟ್ಟಲೆ ಒದ್ದೆಯಲ್ಲೇ ಇರುತ್ತದೆ. ಸ್ಕ್ರೂ ಮತ್ತು ಸ್ಟೇಪಲ್ ತೂತುಗಳ ಸುತ್ತಲೇ ಮರ ಮೊದಲು ಮೆತ್ತಗಾಗುತ್ತದೆ.

ಪರೀಕ್ಷೆ ಸುಲಭ. ಸ್ಕ್ರೂ ಬಿಗಿಯಾಗದೆ ಸುಮ್ಮನೆ ಸುತ್ತಿದರೆ ಹಿಡಿತ ಹೋಗಿದೆ. ಬಿಚ್ಚಿದ ಸ್ಕ್ರೂವಿನ ಎಳೆಗಳಲ್ಲಿ ಕಪ್ಪು ನಾರು ಅಂಟಿದ್ದರೆ, ತೂತಿನ ಪಕ್ಕದಲ್ಲಿ ಒತ್ತಿದ ದಬ್ಬಣ ಸಲೀಸಾಗಿ ಇಳಿದರೆ, ಮರ ಕೊಳೆತಿದೆ.

ಮನೆಬಾಗಿಲಿಗೆ ಮಾಡುವಂತೆ ತೂತಿಗೆ ಬೆಂಕಿಕಡ್ಡಿ ತುರುಕುವ ಉಪಾಯ ಇಲ್ಲಿ ಹೆಚ್ಚು ದಿನ ನಿಲ್ಲದು. ದಪ್ಪ ಸ್ಕ್ರೂ ಹಾಕಿದರೆ ಅದರ ತಲೆ ಹಿಂಜಿನ ಗುಳಿಯಲ್ಲಿ ಕೂರದೆ ಹಿಂಜು ಪೂರ್ತಿ ಮಡಚುವುದಿಲ್ಲ. ಉದ್ದ ಸ್ಕ್ರೂ ಹಲಗೆ ದಾಟಿ, ಒರಗಿದವರ ಬೆನ್ನಿಗೇ ಸುದ್ದಿ ಮುಟ್ಟಿಸುತ್ತದೆ.

ಯಾವ ರಿಪೇರಿಗೂ ಮೊದಲು ಮುಚ್ಚಳವನ್ನು ಬಿಚ್ಚಿ ದಡಕ್ಕೆ ತರುವುದು ಒಳ್ಳೆಯದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಎಂಜಿನ್ ಗುಂಡಿಯಲ್ಲಿ ತಂಗಿರುವ ಆವಿಯ ಮೇಲೆ ಡ್ರಿಲ್ ಓಡಿಸುವುದು ಜಾಣತನವಲ್ಲ.

ಮರ ಗಟ್ಟಿಯಿದ್ದು ತೂತು ಮಾತ್ರ ಸವೆದಿದ್ದರೆ ಎಪಾಕ್ಸಿ ಸಾಕು. ತೂತನ್ನು 10 ಮಿಲಿಮೀಟರ್‌ವರೆಗೆ ಅಗಲಿಸಿ, ಚೆನ್ನಾಗಿ ಒಣಗಿಸಬೇಕು. ಅವಸರಪಟ್ಟ ರಿಪೇರಿ ಸೋಲುವುದು ಇಲ್ಲೇ. ಮೊದಲು ತೆಳು ಎಪಾಕ್ಸಿ ಹಚ್ಚಿ ಮರಕ್ಕೆ ಕುಡಿಸಿ, ಆಮೇಲೆ ಸಿಲಿಕಾ ಪುಡಿ ಬೆರೆಸಿ ಗಟ್ಟಿ ಚಟ್ನಿಯ ಹದಕ್ಕೆ ತಂದದ್ದನ್ನು ತುಂಬಬೇಕು. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಸುರಿದರೆ ಅಂಟು ಮೆತ್ತಗೇ ಉಳಿಯುತ್ತದೆ. ಡಬ್ಬಿಯ ಮೇಲಿನ ಅಳತೆಯನ್ನೇ ಪಾಲಿಸಬೇಕು. ಪೂರ್ತಿ ಗಟ್ಟಿಯಾದ ಮೇಲೆ ಸಣ್ಣ ತೂತು ಕೊರೆದು ಸ್ಕ್ರೂ ಹಾಕಬಹುದು.

ಇದಕ್ಕಿಂತ ಭದ್ರವಾದದ್ದು ಟಿ-ನಟ್. ಹಿಂಜಿನ ಅಂಚಿನಷ್ಟೇ ವಿನೈಲ್ ಬಿಡಿಸಿ, ಹಲಗೆಯ ಫೋಮ್ ಬದಿಯಿಂದ ನಟ್ಟು ಬಡಿದು, ಕೆಳಗಿನಿಂದ ಮೆಷಿನ್ ಸ್ಕ್ರೂ ಬಿಗಿಯಬೇಕು. ಆಗ ಎಳೆತವನ್ನು ಮರದ ನಾರಿನ ಬದಲು ನಟ್ಟಿನ ಅಗಲ ತಟ್ಟೆ ಹೊರುತ್ತದೆ. ನಟ್ಟು, ಸ್ಕ್ರೂ ಎರಡೂ ಸ್ಟೇನ್‌ಲೆಸ್ ಆಗಿದ್ದರೆ ಒಂದಕ್ಕೊಂದು ಕಚ್ಚಿಕೊಂಡುಬಿಡಬಹುದು. ಎಳೆಗಳಿಗೆ ತುಸು ಗ್ರೀಸು ಬೇಕು.

ಕೊಳೆತ ಹಲಗೆಗೆ ಮದ್ದಿಲ್ಲ, ಹೊಸದೇ ಆಗಬೇಕು. ಹಳೆಯದನ್ನು ಅಳತೆಗಿಟ್ಟು ಮೆರೈನ್ ಪ್ಲೈವುಡ್ ಕೊಯ್ಯಬೇಕು (ನಮ್ಮ ಅಂಗಡಿಗಳಲ್ಲಿ ಐಎಸ್ 710 ಮುದ್ರೆಯದು). ತೂತುಗಳನ್ನೆಲ್ಲ ಮೊದಲೇ ಕೊರೆದು, ಅಂಚುಗಳಿಗೂ ತೂತುಗಳ ಒಳಮೈಗೂ ಎಪಾಕ್ಸಿ ಬಳಿಯಬೇಕು. ತಳದಲ್ಲಿ ನೀರಿಳಿಯಲು ಕೆಲವು ರಂಧ್ರಗಳಿದ್ದರೆ ಫೋಮು ಒಣಗುತ್ತದೆ. ಕೊಳೆಯದ ಎಚ್‌ಡಿಪಿಇ ಪ್ಲಾಸ್ಟಿಕ್ ಹಲಗೆಯೂ ಉಂಟು; ಅದಕ್ಕೆ ಎಪಾಕ್ಸಿ ಸರಿಯಾಗಿ ಅಂಟದ ಕಾರಣ ನಟ್ಟು-ಬೋಲ್ಟಿನ ದಾರಿಯೇ ಗತಿ.

ಮತ್ತೆ ಹೊದಿಸುವಾಗ ವಿನೈಲನ್ನು ಬಿಸಿಲಿಗಿಟ್ಟು ಮೆದುಗೊಳಿಸಿ, ಪ್ರತಿ ಬದಿಯ ನಡುವಿನಿಂದ ಶುರುಮಾಡಿ ಮೂಲೆಗಳನ್ನು ಕೊನೆಗೆ ಮಡಚಬೇಕು. ಸ್ಟೇಪಲ್ ಸ್ಟೇನ್‌ಲೆಸ್ಸೇ ಆಗಿರಲಿ. ಸಾದಾ ಉಕ್ಕಿನದು ತುಕ್ಕು ಹಿಡಿದು ಹೊದಿಕೆಯನ್ನು ಕೈಬಿಡುತ್ತದೆ.

ಹಿಂಜು ಕೂರಿಸುವಾಗ ಎಲ್ಲ ಸ್ಕ್ರೂಗಳನ್ನೂ ಅರೆಬಿಗಿಯಾಗಿಟ್ಟು, ಮುಚ್ಚಳ ಮುಚ್ಚಿ, ಸುತ್ತಲಿನ ಸಂದು ಸಮ ಮಾಡಿಕೊಂಡು, ಬಳಿಕ ಒಂದೊಂದನ್ನೇ ಬಿಗಿಯಬೇಕು. ಮುಚ್ಚಳವನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್‌ಗಳನ್ನೂ ಆಗಲೇ ನೋಡಿಕೊಳ್ಳಬೇಕು. ಅಗತ್ಯಕ್ಕಿಂತ ಬಲದ ಸ್ಟ್ರಟ್ ಮುಚ್ಚಿದ ಮುಚ್ಚಳದಲ್ಲೂ ಹಿಂಜನ್ನು ಸದಾ ತಳ್ಳುತ್ತಿರುತ್ತದೆ. ಬದಲಿಸುವುದಾದರೆ ಹಳೆಯದರ ಮೈಮೇಲೆ ನ್ಯೂಟನ್‌ಗಳಲ್ಲಿ ಬರೆದಿರುವ ಬಲವನ್ನೂ ಉದ್ದವನ್ನೂ ನೋಡಿ, ಅಷ್ಟರದ್ದನ್ನೇ ತರಬೇಕು.